ಪಬ್ಲಿಷ್ ಆಗಿದ್ದು ಪೇಟೆಂಟ್ ಅಲ್ಲ ಮೇಡಂ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕಾಲೇಜು ಮೇಷ್ಟ್ರುಗಳದ್ದು. ಪೇಟೆಂಟ್ ಏಜೆಂಟ್ ಆದ ನನಗೆ ಇದು ಸಂತೋಷ ಕೊಡಬೇಕಿತ್ತು. ಕೊಡಲಿಲ್ಲ, ಯಾಕೆಂದರೆ ಎಲ್ಲರೂ ಕೇಳಿರುವುದು ಒಂದೇ ಪ್ರಶ್ನೆ. ಪೇಟೆಂಟ್ ಎಂದರೆ ಹೊಸದಾಗಿ ಕಂಡುಹಿಡಿದದ್ದನ್ನು ಬೇರೆಯವರು ಬಳಸದಂತೆ ತಡೆಯಲು ಸರ್ಕಾರ ಕೊಡುವ ಹಕ್ಕು. ಅದಕ್ಕಿಂತ ಹೆಚ್ಚು ಪಾಠ ಇಲ್ಲಿ ಮಾಡುವುದಿಲ್ಲ. ಎಂಜಿನಿಯರಿಂಗ್ ಹೇಳಿಕೊಡುವವರಿಗೆ ಅಷ್ಟು ಗೊತ್ತಿರಬೇಕು. ಒಬ್ಬರು ಕೇಳಿದ್ದು ಹೀಗೆ:

ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ತಂಡ ಬರುವುದರೊಳಗೆ ಎಲ್ಲರೂ ಒಂದೊಂದು ಪೇಟೆಂಟ್ ತೋರಿಸಬೇಕು ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಮೂರು ಸಾವಿರ ಕೊಟ್ಟರೆ ನಾಲ್ಕನೇ ಇನ್ವೆಂಟರ್ ಆಗಿ ಹೆಸರು ಹಾಕಿಸುತ್ತೇವೆ, ಒಂದು ತಿಂಗಳಲ್ಲಿ ಪೇಟೆಂಟ್ ಪಬ್ಲಿಷ್ ಆಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು ಹೇಳುತ್ತಿದ್ದಾರೆ. ಸೇರಿಕೊಳ್ಳಬಹುದಾ ಸಾರ್?

ಬೇಡ ಮೇಡಂ. ಮೂರು ಸಾವಿರಕ್ಕೆ ಒಂದು ಒಳ್ಳೆಯ ಸೀರೆ ಬರುತ್ತದೆ, ಅದನ್ನಾದರೂ ತಗೊಳ್ಳಿ.

ಮೊದಲು ಈ ವ್ಯಾಪಾರದ ಲೆಕ್ಕ ನೋಡಿ. ವ್ಯಕ್ತಿಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ಆನ್‌ಲೈನ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಲು ಸರ್ಕಾರಿ ಶುಲ್ಕ 1,600 ರೂಪಾಯಿ. ಬೇಗ ಪ್ರಕಟಿಸಿ ಎಂದು ಫಾರಂ 9 ಹಾಕಲು 2,500. ಒಟ್ಟು 4,100. ಎಂಟು ಜನರಿಂದ ಮೂರು ಮೂರು ಸಾವಿರ ಎತ್ತಿದರೆ 24,000. ಉಳಿದದ್ದು ಯಾರ ಜೇಬಿಗೆ ಹೋಯಿತು ಎಂದು ನಾನು ಹೇಳಬೇಕಾಗಿಲ್ಲ. ಕೆಲವರು ಮೊದಲನೇ ಹೆಸರಿಗೆ ಜಾಸ್ತಿ ರೇಟು, ಎಂಟನೆಯದಕ್ಕೆ ಕಮ್ಮಿ ರೇಟು ಇಟ್ಟಿದ್ದಾರೆ, ಬಸ್ಸಿನಲ್ಲಿ ಕಿಟಕಿ ಸೀಟು ಮಾರುವ ಹಾಗೆ. ಪೇಟೆಂಟ್ ಕಾನೂನಿನಲ್ಲಿ ಹೆಸರಿನ ಸರದಿಗೆ ಬೆಲೆಯೇ ಇಲ್ಲ!

ಇನ್ನು ಆ 'ಪಬ್ಲಿಷ್' ವಿಷಯ. ಅರ್ಜಿ ಹಾಕಿದರೆ ಸಾಮಾನ್ಯವಾಗಿ 18 ತಿಂಗಳಿಗೆ ಅದು ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಬರುತ್ತದೆ. ಆ ಜರ್ನಲ್ ಪ್ರತಿ ಶುಕ್ರವಾರ ಹೊರಬೀಳುತ್ತದೆ. ಫಾರಂ 9 ಹಾಕಿದರೆ ಒಂದು ತಿಂಗಳಲ್ಲೇ ಬಂದುಬಿಡುತ್ತದೆ. ಆದರೆ ಅಷ್ಟೊತ್ತಿಗೆ ನಿಮ್ಮದು ಹೊಸದಾ, ಹಳೆಯದಾ ಎಂದು ಯಾರೂ ತೂಗಿ ನೋಡಿರುವುದಿಲ್ಲ. ಮದುವೆಗೆ ಅರ್ಜಿ ಕೊಟ್ಟವರ ಹೆಸರನ್ನು ರಿಜಿಸ್ಟ್ರಾರ್ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕುತ್ತಾರಲ್ಲ, ಇದೂ ಹಾಗೇ. ತಾಳಿ ಇನ್ನೂ ಕಟ್ಟಿಲ್ಲ.

ನಿಜವಾದ ಪರೀಕ್ಷೆ ನಡೆಯಬೇಕಾದರೆ ಫಾರಂ 18 ಹಾಕಬೇಕು. ಅದಕ್ಕೆ ಇನ್ನೂ 4,000. ಮಾರ್ಚ್ 2024ರಲ್ಲಿ ನಿಯಮ ಬದಲಾದ ಮೇಲೆ ಹಾಕಿದ ಅರ್ಜಿಗಳಿಗೆ 31 ತಿಂಗಳ ಗಡುವು. ಅದಕ್ಕೂ ಹಿಂದಿನವಕ್ಕೆ 48 ತಿಂಗಳು. ಅಷ್ಟರಲ್ಲಿ ಹಾಕದಿದ್ದರೆ ಅರ್ಜಿ ವಾಪಸು ಪಡೆದಂತೆ ಲೆಕ್ಕ. ವಾಟ್ಸ್‌ಆ್ಯಪ್ ಮಹಾಶಯರು ಈ ಫಾರಂ ಹಾಕಿದ್ದನ್ನು ನಾನಂತೂ ನೋಡಿಲ್ಲ. ಯಾಕೆ ಹಾಕುತ್ತಾರೆ? ನ್ಯಾಕ್ ತಂಡ ಬಂದು ಊಟ ಮಾಡಿ ಹೋಗಿ ಆಗಿರುತ್ತದೆ. ನಂಬಿಕೆ ಇಲ್ಲದಿದ್ದರೆ ನಿಮ್ಮ ಸಹೋದ್ಯೋಗಿಗಳ ಅರ್ಜಿ ಸಂಖ್ಯೆ ತಗೊಂಡು ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಯಾವ ಅರ್ಜಿ ಯಾವ ಗತಿ ಕಂಡಿದೆ ಎಂದು ಅಲ್ಲೇ ಸಿಗುತ್ತದೆ, ದುಡ್ಡೂ ಇಲ್ಲ.

ಇದರಿಂದ ನಷ್ಟವೇನು, ಸುಮ್ನೆ ಒಂದು ಕಾಗದ ಅಲ್ವಾ ಎನ್ನುವವರಿಗೆ ಒಂದು ಕಥೆ ಹೇಳುತ್ತೇನೆ. ಮಲೆನಾಡಿನ ಕಡೆಯ ಒಬ್ಬ ಮೇಷ್ಟ್ರು ನನ್ನ ಬಳಿ ಬಂದಿದ್ದರು. ಕಡಿಮೆ ಸೌದೆಯಲ್ಲಿ ಅಡಿಕೆ ಬೇಯಿಸುವ ಒಲೆ ಮಾಡಿದ್ದರು. ಒಲೆಯ ಬಾಯಿ, ಹಂಡೆ ಕೂರುವ ಜಾಗ, ಹೊಗೆ ಹೋಗುವ ದಾರಿ, ಎಲ್ಲವನ್ನೂ ಮೂರು ಸುಗ್ಗಿ ತೋಟದಲ್ಲೇ ನಿಂತು ತಿದ್ದಿದ್ದರು. ನನಗೆ ಖುಷಿಯಾಯಿತು. ಹಳೆಯ ಅರ್ಜಿಗಳನ್ನು ಹುಡುಕಲು ಕುಳಿತೆ. ಹೆಚ್ಚುಕಡಿಮೆ ಅದೇ ಒಲೆ ಸಿಕ್ಕಿತು. ಯಾರದ್ದು ಅಂದುಕೊಂಡಿರಿ? ಅವರದ್ದೇ. ಅದಕ್ಕೆ ನಾಲ್ಕು ವರ್ಷ ಮುಂಚೆ ಕಾಲೇಜಿನವರು ಅವರ ಕೈಯಿಂದ ಒಂದು ಸ್ಕೆಚ್ ಇಸ್ಕೊಂಡು, ಎಂಟು ಹೆಸರು ಸೇರಿಸಿ, ಫಾರಂ 9 ಹಾಕಿ ಪಬ್ಲಿಷ್ ಮಾಡಿಸಿದ್ದರು. ಆಮೇಲೆ ಆ ಅರ್ಜಿಯನ್ನು ಯಾರೂ ತಿರುಗಿ ನೋಡಲಿಲ್ಲ, ಅದು ಸತ್ತೇಹೋಗಿತ್ತು. ಅರ್ಜಿ ಸತ್ತರೂ ಪ್ರಕಟವಾದದ್ದು ಪ್ರಕಟವಾದದ್ದೇ. ಜಗತ್ತಿಗೆ ಗೊತ್ತಾದ ವಿಷಯಕ್ಕೆ ಪೇಟೆಂಟ್ ಇಲ್ಲ, ಗೊತ್ತು ಮಾಡಿದವರು ನೀವೇ ಆಗಿದ್ದರೂ ಇಲ್ಲ. ಕೊನೆಗೆ ಹೊಗೆ ದಾರಿಯ ಒಂದು ಸಣ್ಣ ಬದಲಾವಣೆಗೆ ಮಾತ್ರ ಅರ್ಜಿ ಹಾಕಿದೆವು. ಉಳಿದ ಒಲೆ ಈಗ ಊರಿನದ್ದು. ಅದಕ್ಕೆ ಬೇಸರವಿಲ್ಲ ಎಂದರು ಮೇಷ್ಟ್ರು. ನನಗೆ ಮಾತ್ರ ಇವತ್ತಿಗೂ ಸಿಟ್ಟಿದೆ.

ಇನ್ನೊಂದು ಮಾತು. ಅರ್ಜಿಯಲ್ಲಿ "ಇದನ್ನು ನಿಜವಾಗಿ, ಮೊದಲಿಗೆ ಕಂಡುಹಿಡಿದವರು ನಾವೇ" ಎಂದು ಸಹಿ ಹಾಕುತ್ತೀರಿ. ಡ್ರೋನ್ ಮುಟ್ಟಿಯೇ ನೋಡದವರು ಡ್ರೋನ್‌ಗೆ ಹಾಗೆ ಸಹಿ ಹಾಕುವುದಕ್ಕೆ ನಮ್ಮ ಕಡೆ ಏನನ್ನುತ್ತಾರೆ ಎಂದು ನಿಮಗೂ ಗೊತ್ತು.

ಈ ಹುಚ್ಚು ಎಲ್ಲಿಂದ ಬಂತು? 1980ರಲ್ಲಿ ಅಮೆರಿಕದಲ್ಲಿ ಬೇ-ಡೋಲ್ ಕಾಯ್ದೆ ಬಂತು. ಸರ್ಕಾರದ ದುಡ್ಡಿನಲ್ಲಿ ಸಂಶೋಧನೆ ಮಾಡಿದರೂ ಅದರ ಪೇಟೆಂಟನ್ನು ವಿಶ್ವವಿದ್ಯಾಲಯವೇ ಇಟ್ಟುಕೊಂಡು ಕಂಪನಿಗಳಿಗೆ ಲೈಸೆನ್ಸ್ ಕೊಡಬಹುದು ಎಂದಾಯಿತು. ಅದನ್ನು ನೋಡಿ ನಮ್ಮಲ್ಲೂ ಆಸೆ ಹುಟ್ಟಿತು. 2005ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಜ್ಞಾನ ಆಯೋಗ ಬಂತು. ಇಂಥದ್ದೇ ಕಾನೂನು ಬೇಕು ಎಂದು ಅದು ಹೇಳಿತು. 2008ರಲ್ಲಿ ಮಸೂದೆ ರಾಜ್ಯಸಭೆಗೂ ಹೋಯಿತು. 2014ರಲ್ಲಿ ಅದನ್ನು ವಾಪಸು ತಗೊಂಡರು. ಕಾನೂನು ಬರಲಿಲ್ಲ, ಎಣಿಕೆ ಮಾತ್ರ ಬಂತು. 2018ರ ಯುಜಿಸಿ ನಿಯಮದಲ್ಲಿ ಮೇಷ್ಟ್ರಿಗೆ ರಾಷ್ಟ್ರೀಯ ಪೇಟೆಂಟ್‌ಗೆ 7 ಅಂಕ, ಅಂತರರಾಷ್ಟ್ರೀಯ ಪೇಟೆಂಟ್‌ಗೆ 10. ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಗ್ರಾಂಟ್ ಆದದ್ದರ, ಅಂದರೆ ನಿಜಕ್ಕೂ ಸಿಕ್ಕ ಪೇಟೆಂಟಿನ ಜೊತೆಗೆ ಬರೀ ಪ್ರಕಟವಾದದ್ದನ್ನೂ ಲೆಕ್ಕಕ್ಕೆ ತಗೊಂಡರು. ಎಡವಟ್ಟಾಗಿದ್ದು ಅಲ್ಲೇ. 4,100 ರೂಪಾಯಿಗೆ ಅಂಕ ಸಿಗುತ್ತದೆ ಎಂದಾದ ಮೇಲೆ ಅಂಗಡಿ ತೆರೆಯದೆ ಇರುತ್ತಾರಾ?

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆಗುವುದಿಲ್ಲ ಎಂದರೆ ಇನ್‌ಕ್ರಿಮೆಂಟ್ ನಿಲ್ಲಬಹುದು. ಅದಕ್ಕೆ ನನ್ನ ಬಳಿ ಮದ್ದಿಲ್ಲ. ಪ್ರಿನ್ಸಿಪಾಲರ ಬಳಿ ಒಂದು ಮಾತು ಕೇಳಿ ನೋಡಬಹುದು: ಇಡೀ ವಿಭಾಗಕ್ಕೆ ಒಂದೇ ಅರ್ಜಿ, ಕೆಲಸ ಮಾಡಿದವರ ಹೆಸರು ಮಾತ್ರ, ಫಾರಂ 18ರ ಶುಲ್ಕ ಕಾಲೇಜಿನದ್ದು. ಒಪ್ಪದಿದ್ದರೆ "ನನ್ನ ಹೆಸರು ಬೇಡ" ಎಂದು ಇಮೇಲ್‌ನಲ್ಲಿ ಬರೆದುಕೊಡಿ. ಬಾಯಿಮಾತಿಗೆ ಬಿಡಬೇಡಿ.

ಅಂತರರಾಷ್ಟ್ರೀಯ ಪೇಟೆಂಟ್‌ಗೆ ಎಷ್ಟು ಖರ್ಚಾಗುತ್ತದೆ?

ಅಂಥದ್ದೊಂದು ಇಲ್ಲ. ಹಲವು ದೇಶಗಳ ಒಪ್ಪಂದದಡಿ ಒಟ್ಟಿಗೆ ಹಾಕುವ ಪಿಸಿಟಿ ಎನ್ನುವುದು ಅರ್ಜಿಯಷ್ಟೇ. ಪೇಟೆಂಟ್ ಕೊಡುವುದು ಆಯಾ ದೇಶದ ಅಥವಾ ಪ್ರದೇಶದ ಕಚೇರಿ. 10 ಅಂಕ ಇಟ್ಟವರಿಗೂ ಇದನ್ನು ಯಾರಾದರೂ ಹೇಳಿ.

ವಿದೇಶದಲ್ಲಿ ಡಿಸೈನ್ ನೋಂದಣಿ ಮಾಡಿಸಿದ್ದೇನೆ, ಸರ್ಟಿಫಿಕೇಟ್ ಬಂದಿದೆ. ಪೇಟೆಂಟ್ ಎಂದು ಬರೆದುಕೊಳ್ಳಬಹುದಾ?

ಇಲ್ಲ. ಡಿಸೈನ್ ಎಂದರೆ ಹೊರಗಿನ ಆಕಾರ. ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಆ್ಯಪ್ ಐಡಿಯಾ ಇದೆ. ಪೇಟೆಂಟ್ ಸಿಗುತ್ತದಾ?

ಐಡಿಯಾಗೆ ಸಿಗುವುದಿಲ್ಲ. ಬರೀ ಪ್ರೋಗ್ರಾಮಿಗೂ ಸಿಗುವುದಿಲ್ಲ. ಮಾಡಿ ಮಾರಿ.

ಸ್ಟ್ಯಾನ್‌ಫರ್ಡ್ ಗೂಗಲ್‌ನಿಂದ ಕೋಟಿಗಟ್ಟಲೆ ಮಾಡಿತಂತೆ. ನಮ್ಮ ವಿಶ್ವವಿದ್ಯಾಲಯ ಯಾಕೆ ಮಾಡಬಾರದು?

ಮಾಡಿದ್ದು ನಿಜ. ಲೈಸೆನ್ಸ್‌ಗೆ ಬದಲಾಗಿ ಸಿಕ್ಕಿದ 18 ಲಕ್ಷ ಷೇರು ಮಾರಿ 33.6 ಕೋಟಿ ಡಾಲರ್ ಪಡೆಯಿತು. ಅಲ್ಲಿಯೂ ಅಂಥದ್ದು ಲಾಟರಿ ಹೊಡೆದ ಹಾಗೆ, ವರ್ಷ ವರ್ಷ ಆಗುವುದಿಲ್ಲ. ನಿಮ್ಮಲ್ಲಿ ಖಾಲಿ ಬಿದ್ದಿರುವ ಹುದ್ದೆಗಳನ್ನು ತುಂಬಲಿ ಮೊದಲು.

ಪಿಎಚ್‌ಡಿ ವೈವಾ ಮುಗಿಯಿತು. ಈಗ ಪೇಟೆಂಟ್ ಮಾಡಿಸಬೇಕೆಂದಿದ್ದೇನೆ.

ಪ್ರಬಂಧಗಳನ್ನು ಎಲ್ಲರೂ ಓದುವಂತೆ ಇಡುವ ಶೋಧಗಂಗಾ ವೆಬ್‌ಸೈಟಿಗೆ ನಿಮ್ಮ ಪ್ರಬಂಧ ಹತ್ತಿದೆಯಾ? ಪೇಪರ್ ಬಂದಿದೆಯಾ? ಎರಡರಲ್ಲಿ ಒಂದಕ್ಕೆ ಹೌದು ಎಂದಾದರೂ ತಡವಾಯಿತು. ಕೆಲವು ಬಗೆಯ ಪ್ರಕಟಣೆಗೆ ಕಾನೂನಿನಲ್ಲಿ 12 ತಿಂಗಳ ವಿನಾಯಿತಿ ಇದೆ, ಆದರೆ ಅದು ತುಂಬಾ ಇಕ್ಕಟ್ಟಿನ ಬಾಗಿಲು. ಅದನ್ನು ನಂಬಿ ಕೂರಬೇಡಿ. ನಿಮ್ಮ ಗೈಡ್ ಇದನ್ನು ಮುಂಚೆಯೇ ಹೇಳಬೇಕಿತ್ತು. ಇನ್ನೂ ಏನೂ ಹೊರಗೆ ಹೋಗಿಲ್ಲ ಎಂದಾದರೆ ಇವತ್ತೇ ಪ್ರೊವಿಷನಲ್ ಅರ್ಜಿ ಹಾಕಿ. ಅದಕ್ಕೂ 1,600 ರೂಪಾಯಿಯೇ. ಪೂರ್ತಿ ವಿವರ ಕೊಡಲು ಆಮೇಲೆ 12 ತಿಂಗಳು ಇರುತ್ತದೆ. ಅರ್ಜಿ ಸಂಖ್ಯೆ ಕೈಗೆ ಬರುವ ತನಕ ಕಾನ್ಫರೆನ್ಸಿಗೆ ಹೋದರೂ ಬಾಯಿ ಬಿಡಬೇಡಿ.