ಎರಡು ಪೇಟೆಯ ಭತ್ತದ ದರ ಒಂದೇ ಚಾರ್ಟಿನಲ್ಲಿ: ಸಿಂಧನೂರಿನ ಅಣ್ಣನ ಪ್ರಶ್ನೆಗೆ ಉತ್ತರ

ಅಣ್ಣಾ, ಸಿಂಧನೂರು, ಗಂಗಾವತಿ ಪೇಟೆಗಳ ಭತ್ತದ ದರವನ್ನು ಒಂದೇ ಚಾರ್ಟಿನಲ್ಲಿ ಹೋಲಿಸಲು ಪವರ್ ಬಿಐನಲ್ಲಿ (ಅಂಕಿಅಂಶಗಳಿಂದ ಚಾರ್ಟ್ ಮಾಡುವ ಮೈಕ್ರೋಸಾಫ್ಟ್ ತಂತ್ರಾಂಶ) ಎರಡು ಸ್ಲೈಸರ್, ಅಂದರೆ ಬೇಕಾದ ಹೆಸರನ್ನು ಒತ್ತಿ ಆರಿಸುವ ಪಟ್ಟಿ, ಇಟ್ಟಿದ್ದೀರಿ. ಒಂದರಲ್ಲಿ ಸಿಂಧನೂರು ಒತ್ತಿದ ಕೂಡಲೇ ಇನ್ನೊಂದರಿಂದ ಗಂಗಾವತಿ ಮಾಯವಾಗುತ್ತದೆ ಎಂದಿದ್ದೀರಿ. ಈ ಚರ್ಚೆಯಲ್ಲಿ ನನಗಿಂತ ಮೊದಲು ಒಬ್ಬರು 'ಎಡಿಟ್ ಇಂಟರಾಕ್ಷನ್ಸ್'ನಲ್ಲಿ ಸ್ಲೈಸರ್‌ಗಳ ನಂಟು ಬಿಡಿಸಿ ಎಂದರು. ಹಾಗೆ ಮಾಡಿದರೆ ಹೆಸರೇನೋ ಕಾಣಿಸುತ್ತದೆ, ಚಾರ್ಟ್ ಮಾತ್ರ ಖಾಲಿ. ಎರಡೂ ಸ್ಲೈಸರ್ ಒಂದೇ ಕಾಲಂ ಮೇಲೆ ಕುಳಿತಿವೆ. ಏಕಕಾಲಕ್ಕೆ ಸಿಂಧನೂರೂ ಗಂಗಾವತಿಯೂ ಆಗಿರುವ ಸಾಲು ನಿಮ್ಮ ದರಪಟ್ಟಿಯಲ್ಲಿ ಎಲ್ಲಿಂದ ಬರಬೇಕು?

'ನ್ಯೂ ಟೇಬಲ್' ಒತ್ತಿ ಪೇಟೆಗಳ ಹೆಸರನ್ನು ಡಿಸ್ಟಿಂಕ್ಟ್ ಸೂತ್ರದಿಂದ ಎರಡು ಬಾರಿ ತೆಗೆದುಕೊಳ್ಳಿ. ಒಂದಕ್ಕೆ ಪೇಟೆ‑ಅ, ಇನ್ನೊಂದಕ್ಕೆ ಪೇಟೆ‑ಬ ಎಂದು ಹೆಸರಿಡಿ. ಇವೆರಡನ್ನೂ ದರದ ಟೇಬಲಿಗೆ ಜೋಡಿಸಬಾರದು. ಟೇಬಲ್‌ಗಳ ನಂಟು ತೋರಿಸುವ ಮಾಡೆಲ್ ವ್ಯೂನಲ್ಲಿ ನಡುವೆ ಗೆರೆ ಕಂಡರೆ ಅಳಿಸಿಬಿಡಿ. ಸ್ಲೈಸರ್‌ಗಳನ್ನು ಈ ಟೇಬಲ್‌ಗಳಿಂದಲೇ ಮಾಡಿ, ಒಂದೇ ಆಯ್ಕೆಗೆ ಸೀಮಿತಗೊಳಿಸಿ. ಆಮೇಲೆ ಎರಡು ಮೆಷರ್ (ಆಯ್ಕೆಗೆ ತಕ್ಕಂತೆ ಲೆಕ್ಕ ಹಾಕುವ ಸೂತ್ರ) ಬರೆಯಿರಿ. ಎರಡರಲ್ಲೂ ಕ್ಯಾಲ್ಕ್ಯುಲೇಟ್ ಸೂತ್ರದ ಒಳಗೆ ಸರಾಸರಿ ದರ (ಅದನ್ನು ತೆಗೆಯುವ ಬಗೆ ಕೆಳಗಿದೆ), ಅದರ ನಂತರ ಟ್ರೀಟ್‌ಆ್ಯಸ್. ಪೇಟೆ‑ಅದಲ್ಲಿ ಆರಿಸಿದ ಹೆಸರನ್ನು ದರದ ಟೇಬಲಿನ ಪೇಟೆ ಕಾಲಂಗೆ ಹೊಂದಿಸುವುದು ಅದರ ಕೆಲಸ. ಎರಡನೆಯ ಮೆಷರ್‌ನಲ್ಲಿ ಪೇಟೆ‑ಬ. ಎರಡನ್ನೂ ಒಂದೇ ಲೈನ್ ಚಾರ್ಟಿಗೆ ಹಾಕಿ.

ಚಾರ್ಟ್ ಬಂತೆಂದು ಅದನ್ನು ನಂಬಬೇಡಿ. ನಮ್ಮ ಕಡೆ ದಲಾಲಿ ಅಂಗಡಿಯಲ್ಲಿ ಭತ್ತದ ಮಾತು 75 ಕೆಜಿ ಚೀಲದ ಲೆಕ್ಕದಲ್ಲಿ. ಪೇಟೆ ದರ ಪ್ರಕಟಿಸುವ ಸರ್ಕಾರಿ ಜಾಲತಾಣ ಕೃಷಿ ಮಾರಾಟ ವಾಹಿನಿಯಲ್ಲಿ ಕ್ವಿಂಟಲ್ (100 ಕೆಜಿ) ಲೆಕ್ಕ. ನೀವು ಕಳುಹಿಸಿದ ಚಿತ್ರದಲ್ಲಿ ಒಂದು ಗೆರೆ ಇನ್ನೊಂದರ ಮುಕ್ಕಾಲು ಎತ್ತರದಲ್ಲೇ ಸಾಗುತ್ತಿದೆ, ನನ್ನ ಅನುಮಾನ ಅಲ್ಲೇ. ಚೀಲದ ದರವನ್ನು 75ರಿಂದ ಭಾಗಿಸಿ 100ರಿಂದ ಗುಣಿಸಿ. ಇದನ್ನು ಚಾರ್ಟಿಗೆ ಬರುವ ಮೊದಲೇ, ಅಂಕಿಅಂಶ ಹದಗೊಳಿಸುವ ಪವರ್ ಕ್ವೆರಿಯಲ್ಲಿ ಮುಗಿಸಿ.

ವಾಹಿನಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ದರ) ಎಂದು ಮೂರು ದರ ಇರುತ್ತವೆ. ಗರಿಷ್ಠ ದರ ನೋಡಿ ಟ್ರ್ಯಾಕ್ಟರ್ ಹೂಡುವವರು ನಮ್ಮಲ್ಲಿ ಕಡಿಮೆಯಿಲ್ಲ, ಆದರೆ ಹೋಲಿಕೆಗೆ ಮಾದರಿ ದರವೇ ಸರಿ. ಸರಾಸರಿಯನ್ನೂ ಬರೀ ದಿನಗಳ ಮೇಲೆ ತೆಗೆಯಬೇಡಿ. ಇಪ್ಪತ್ತು ಕ್ವಿಂಟಲ್ ಬಂದ ದಿನಕ್ಕೂ ಸಾವಿರ ಕ್ವಿಂಟಲ್ ಬಂದ ದಿನಕ್ಕೂ ಒಂದೇ ತೂಕ ಕೊಟ್ಟಂತಾಗುತ್ತದೆ. ದರವನ್ನು ಆವಕದಿಂದ (ಆ ದಿನ ಪೇಟೆಗೆ ಬಂದ ಭತ್ತದ ಪ್ರಮಾಣ) ಗುಣಿಸಿ ಕೂಡಿಸಿ, ಒಟ್ಟು ಆವಕದಿಂದ ಭಾಗಿಸಿ. ಸಮ್‌ಎಕ್ಸ್ ಸೂತ್ರ ಇರುವುದೇ ಇದಕ್ಕೆ. ತಳಿಗೆ ಬೇರೆ ಸ್ಲೈಸರ್ ಇರಲಿ, ಅದು ದರದ ಟೇಬಲಿಗೆ ಜೋಡಿಸಿಯೇ ಇರಬೇಕು. ಇಲ್ಲವಾದರೆ ಒಂದು ಕಡೆಯ ಸೋನಾ ಮಸೂರಿಗೂ ಇನ್ನೊಂದು ಕಡೆಯ ಆರ್‌ಎನ್‌ಆರ್ 15048ಕ್ಕೂ ಹೋಲಿಕೆಯಾಗುತ್ತದೆ.

ಪೇಟೆ ರಜೆಯ ದಿನ ಗೆರೆ ತುಂಡಾದರೆ ಆಗಲಿ. ಮೆಷರ್‌ಗೆ ಸೊನ್ನೆ ಕೂಡಿಸಿ ಅಂದಗೊಳಿಸಲು ಹೋದರೆ ಭತ್ತ ಪುಕ್ಕಟೆ ಮಾರಾಟವಾದಂತೆ ಗೆರೆ ನೆಲ ಕಚ್ಚುತ್ತದೆ. ಎರಡು ಪೇಟೆಗೆ ಚಾರ್ಟಿನ ಎಡಬಲದಲ್ಲಿ ಎರಡು ಬೇರೆ ಅಳತೆ ಕೊಡುವುದೂ ಬೇಡ, ದರದ ನಿಜವಾದ ಅಂತರ ಕಾಣದಾಗುತ್ತದೆ.

ಮುಂದೆ ವರ್ಷಕ್ಕೆ ವರ್ಷ ಹೋಲಿಸುವುದಾದರೆ ಇದೇ ಉಪಾಯ, ಪೇಟೆಯ ಬದಲು ಹಂಗಾಮು. ಮುಂಗಾರು ಭತ್ತದ ಆವಕ ಜನವರಿಯನ್ನು ದಾಟಿ ಹೋಗುವುದರಿಂದ ಕ್ಯಾಲೆಂಡರ್ ವರ್ಷ ಕೆಲಸಕ್ಕೆ ಬಾರದು. ಜೂನ್ 1ರಿಂದ ವರ್ಷ ಎಣಿಸಿ, ಅಡ್ಡ ಸಾಲಿನಲ್ಲಿ ದಿನಾಂಕದ ಬದಲು ವಾರದ ಸಂಖ್ಯೆ ಹಾಕಿ.

ಡೆಸ್ಕ್‌ಟಾಪ್ ಆವೃತ್ತಿ ಉಚಿತ, ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಗುಂಪಿಗೆ ಪಿಡಿಎಫ್ ಮಾಡಿ ಹಾಕಬಹುದು, ಅದರಲ್ಲಿ ಸ್ಲೈಸರ್ ಒತ್ತಲು ಬರುವುದಿಲ್ಲ ಅಷ್ಟೇ. ಇಷ್ಟಾದರೂ ಚಾರ್ಟ್ ಖಾಲಿಯಿದ್ದರೆ ಮಾಡೆಲ್ ವ್ಯೂನ ಚಿತ್ರ ಇಲ್ಲಿ ಹಾಕಿ, ನೋಡುತ್ತೇನೆ.