ಲ್ಯಾಪ್‌ಟಾಪಿನಲ್ಲಿ ಓಡಿದ ಡಿವಿಡಿ ಊರಿನ ಪ್ಲೇಯರಿನಲ್ಲಿ ಏಕೆ ನಿಲ್ಲುತ್ತದೆ?

ಅಕ್ಕನ ಮದುವೆ ವಿಡಿಯೋ ನೀವೇ ಡಿವಿಡಿಗೆ ರೈಟ್ ಮಾಡಿದ್ದೀರಿ, ವೆರಿಫೈ ಓಕೆ ಬಂದಿದೆ, ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ, ಊರಿನ ಪ್ಲೇಯರಿನಲ್ಲಿ ಮಾತ್ರ ಕೊನೆಗೆ ಬಂದು ಸ್ಟ್ರಕ್ ಆಗುತ್ತದೆ. ಎರರ್ ಇದೆಯೋ ಇಲ್ಲವೋ ನೋಡುವುದು ಹೇಗೆ ಅಂತ ಕೇಳಿದ್ದೀರಿ.

ಮೊದಲು ಒಂದು ಮಾತು. ವೆರಿಫೈ ಓಕೆ ಅಂದರೆ, ರೈಟ್ ಮಾಡಿದ ಡ್ರೈವ್ ಅದೇ ಡಿಸ್ಕನ್ನು ಈಗ ಓದಬಲ್ಲದು ಅಂತ ಅಷ್ಟೇ. ಎಷ್ಟು ಕಷ್ಟಪಟ್ಟು ಓದಿತು ಅನ್ನುವುದನ್ನು ಅದು ಹೇಳುವುದಿಲ್ಲ.

ನಾನು ತುಮಕೂರಿನವನು, ಮದುವೆ ಮತ್ತು ಹಳ್ಳಿ ನಾಟಕಗಳ ವಿಡಿಯೋ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಗುಬ್ಬಿ ಕಡೆಯ ಒಂದು ಹಳ್ಳಿಯ ಪೌರಾಣಿಕ ನಾಟಕ ಶೂಟ್ ಮಾಡಿದ್ದೆ. ರಾತ್ರಿ ಶುರುವಾಗಿ ಬೆಳಗಿನವರೆಗೆ ನಡೆದ ನಾಟಕ, ಐದು ಡಿಸ್ಕಿನ ಸೆಟ್, ಪಾತ್ರ ಮಾಡಿದವರಿಗೆಲ್ಲ ಒಂದೊಂದು. ಆತುರದಲ್ಲಿ ಎಲ್ಲವನ್ನೂ 16 ಎಕ್ಸ್ ಸ್ಪೀಡಿನಲ್ಲಿ (ಅಂದರೆ ಮಾಮೂಲಿ ವೇಗದ 16 ಪಟ್ಟು), ಡಿಸ್ಕಿನ ಅಂಚಿನವರೆಗೂ ತುಂಬಿಸಿ ರೈಟ್ ಮಾಡಿದೆ. ಎಲ್ಲದರಲ್ಲೂ ವೆರಿಫೈ ಓಕೆ. ಎರಡು ದಿನಕ್ಕೆ ಭೀಮನ ಪಾತ್ರ ಮಾಡಿದವರು ಫೋನ್ ಮಾಡಿದರು: "ಸಾರ್, ನಾನು ಗದೆ ಎತ್ತಿದ ತಕ್ಷಣ ನಿಂತೋಗುತ್ತೆ." ಅವರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿತು, ಕೈಯಿಂದ ದುಡ್ಡು ಹಾಕಿ ಆ ಪಾತ್ರ ಮಾಡಿದ್ದರು. ಮನೆಯವರೆಲ್ಲ ಸೇರಿ ನೋಡುತ್ತಾ ಕೂತಿದ್ದಾಗ ಹೀಗಾಯಿತು. ನನಗೆ ತುಂಬಾ ಬೇಜಾರಾಯಿತು, ಎಲ್ಲ ಸೆಟ್ ವಾಪಸ್ ತರಿಸಿ ಮತ್ತೆ ಮಾಡಿಕೊಟ್ಟೆ.

ಕೊನೆಯಲ್ಲೇ ಏಕೆ ನಿಲ್ಲುತ್ತದೆ ಅಂದರೆ, ಡಿವಿಡಿಯನ್ನು ಒಳಗಿನಿಂದ ಹೊರಗೆ ಬರೆಯುತ್ತಾರೆ. ಸಿನಿಮಾದ ಕೊನೆ ಇರುವುದು ಡಿಸ್ಕಿನ ಹೊರ ಅಂಚಿನಲ್ಲಿ. 16 ಎಕ್ಸ್ ಅನ್ನುವ ಪೂರ್ತಿ ವೇಗ ಬರುವುದೂ ಅಲ್ಲೇ, ಡಿಸ್ಕ್ ಸ್ವಲ್ಪ ಬಾಗಿದ್ದರೆ ಅದು ಜಾಸ್ತಿ ಕಾಡುವುದೂ ಅಲ್ಲೇ. 4.7 ಜಿಬಿ ಡಿಸ್ಕಿನಲ್ಲಿ ವಿಂಡೋಸ್ ತೋರಿಸುವುದು ಸುಮಾರು 4.38 ಜಿಬಿ, ನಾನು ಈಗ 4.1 ದಾಟಿಸುವುದಿಲ್ಲ. ಸ್ಪೀಡ್ 8 ಎಕ್ಸ್ ಇಡುತ್ತೇನೆ. ತೀರಾ ಕಡಿಮೆ ಇಟ್ಟರೆ ಇನ್ನೂ ಒಳ್ಳೆಯದು ಅಂತ ಎಷ್ಟೋ ಜನ ಹೇಳುತ್ತಾರೆ, ಆದರೆ 16 ಎಕ್ಸಿಗೆ ಅಂತ ಮಾಡಿದ ಡಿಸ್ಕಿಗೆ ಅದು ಯಾವಾಗಲೂ ನಿಜವಲ್ಲ.

ಈಗ ಎರರ್ ವಿಷಯ. ಹೊಸ ಡಿಸ್ಕಿನಲ್ಲೂ ಎರರ್ ಇದ್ದೇ ಇರುತ್ತದೆ, ಡ್ರೈವ್ ಓದುತ್ತಲೇ ಸರಿಮಾಡಿಕೊಳ್ಳುತ್ತದೆ. ಸರಿಮಾಡುವ ಶಕ್ತಿಗೆ ಒಂದು ಮಿತಿ ಇದೆ, ನೀವು ನೋಡಬೇಕಾದದ್ದು ಆ ಮಿತಿಗೆ ಎಷ್ಟು ಹತ್ತಿರ ಇದ್ದೀರಿ ಅನ್ನುವುದನ್ನು. ನೀರೋ ಡಿಸ್ಕ್‌ಸ್ಪೀಡ್ ಹಾಕಿಕೊಂಡು ಡಿಸ್ಕ್ ಕ್ವಾಲಿಟಿ ಟೆಸ್ಟ್ ಓಡಿಸಿ. ಲೈಟ್‌ಆನ್ ಡ್ರೈವ್ ಆದರೆ ಕೆ-ಪ್ರೋಬ್ ಕೂಡ ಇದೆ. ಎರಡು ಗ್ರಾಫ್ ಬರುತ್ತವೆ. ಪಿಐ ಎರರ್ (ಓದುವಾಗ ಕಂಡ ತಪ್ಪುಗಳು) 280 ದಾಟಬಾರದು, ಪಿಐ ಫೇಲ್ಯೂರ್ (ಅದರಲ್ಲಿ ಮೊದಲ ಸುತ್ತಿನಲ್ಲಿ ಸರಿಮಾಡಲಾಗದೆ ಉಳಿದವು) 4 ದಾಟಬಾರದು. ಒಳಗೆಲ್ಲ ತಗ್ಗಾಗಿದ್ದು ಹೊರ ಅಂಚಿಗೆ ಬಂದಾಗ ಗೋಡೆ ಥರ ಏರಿದರೆ ನಿಮ್ಮ ಪ್ರಶ್ನೆಗೆ ಉತ್ತರ ಅದೇ. ಒಂದು ಡ್ರೈವಿನ ನಂಬರನ್ನು ಇನ್ನೊಂದರ ನಂಬರಿಗೆ ಹೋಲಿಸಬೇಡಿ, ಒಂದೊಂದು ಡ್ರೈವ್ ಒಂದೊಂದು ಥರ ಲೆಕ್ಕ ಕೊಡುತ್ತದೆ. ಕೆಲವು ಡ್ರೈವ್ ಈ ಲೆಕ್ಕ ಕೊಡುವುದೇ ಇಲ್ಲ. ಆಗ ಅದೇ ಪ್ರೋಗ್ರಾಮಿನ ಟ್ರಾನ್ಸ್‌ಫರ್ ರೇಟ್ ಟೆಸ್ಟ್ ಸಾಕು: ಗೆರೆ ಸಲೀಸಾಗಿ ಮೇಲೇರಬೇಕು, ನಡುವೆ ಗುಂಡಿ ಬಿದ್ದಿದೆ ಅಂದರೆ ಅಲ್ಲಿ ಡ್ರೈವ್ ತಡವರಿಸಿದೆ ಅಂತ.

ಡಿಸ್ಕ್ ಚೆನ್ನಾಗಿದ್ದೂ ಪ್ಲೇಯರಿನಲ್ಲಿ ಬರದೇ ಇರಬಹುದು. ಆಗ "ನೋ ಡಿಸ್ಕ್" ಅಂತ ಬರುತ್ತದೆ, ಇಲ್ಲವೇ ಸುಮ್ನೆ ತಿರುಗುತ್ತಲೇ ಇರುತ್ತದೆ. ಫೈನಲೈಸ್ ಮಾಡಿದ್ದೀರಾ (ರೈಟ್ ಮುಗಿದ ಮೇಲೆ ಡಿಸ್ಕನ್ನು ಮುಚ್ಚಿದ್ದೀರಾ) ನೋಡಿ. ಎಂಪಿ4 ಫೈಲನ್ನು ಹಾಗೇ ಹಾಕಿದ್ದರೆ ಹಳೆ ಪ್ಲೇಯರಿಗೆ ಅರ್ಥವಾಗುವುದಿಲ್ಲ, ಒಳಗೆ ವಿಡಿಯೋ_ಟಿಎಸ್ ಅನ್ನುವ ಫೋಲ್ಡರ್ ಇರಲೇಬೇಕು. ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ) ಡಿಸ್ಕ್ ಬೆಳಕನ್ನು ಕಡಿಮೆ ಹಿಂದಿರುಗಿಸುತ್ತದೆ, ಅದಕ್ಕೇ ಹಳೆ ಪ್ಲೇಯರುಗಳು ಅದನ್ನು ಕಂಡರೆ ಆಗದು ಅನ್ನುತ್ತವೆ. ಡಿವಿಡಿ ಪ್ಲಸ್ ಆರ್ (ಡಿವಿಡಿ+ಆರ್) ಡಿಸ್ಕ್ ಆದರೆ, ನಿಮ್ಮ ಡ್ರೈವ್ ಅವಕಾಶ ಕೊಟ್ಟರೆ, ಬುಕ್ ಟೈಪನ್ನು (ಇದು ಯಾವ ಥರದ ಡಿಸ್ಕ್ ಅಂತ ಪ್ಲೇಯರಿಗೆ ಹೇಳುವ ಗುರುತು) ಡಿವಿಡಿ-ರೋಮ್ ಅಂತ ಬದಲಿಸಿ ರೈಟ್ ಮಾಡಿ (ಇಮ್ಗ್‌ಬರ್ನ್‌ನಲ್ಲಿ ಈ ಸೆಟ್ಟಿಂಗ್ ಇದೆ, ಅದು ಉಚಿತ). ವಿಡಿಯೋ ಬಿಟ್‌ರೇಟಿಗೆ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕಕ್ಕೆ) ಮೇಲಿನ ಮಿತಿ 9.8 ಎಂಬಿಪಿಎಸ್ ಇದೆ, ಆದರೂ ನಾನು 6ರ ಆಸುಪಾಸಿನಲ್ಲೇ ಇರುತ್ತೇನೆ. ಡಿಸ್ಕಿನ ಮೇಲೆ ವಧೂವರರ ಫೋಟೋ ಇರುವ ಪೇಪರ್ ಸ್ಟಿಕ್ಕರ್ ಅಂಟಿಸಿದ್ದೀರಾ? ಅದರಿಂದ ತೂಕ ಒಂದು ಕಡೆ ವಾಲಿ ಡಿಸ್ಕ್ ಅದುರುತ್ತದೆ, ದಯವಿಟ್ಟು ಬೇಡ.

ಇಷ್ಟಾದ ಮೇಲೂ ನಿಜವಾದ ಪರೀಕ್ಷೆ ಪ್ಲೇಯರಿನಲ್ಲೇ. ನಾನು ಹಳೆಯ, ಮುಂಗೋಪದ ಒಂದು ಪ್ಲೇಯರನ್ನು ಅದಕ್ಕೆಂದೇ ಇಟ್ಟುಕೊಂಡಿದ್ದೇನೆ. ಪ್ರತಿ ಸೆಟ್ಟಿನ ಒಂದು ಡಿಸ್ಕನ್ನು ಅದಕ್ಕೆ ಹಾಕಿ, ನೇರ ಕೊನೆಯ ಚಾಪ್ಟರಿಗೆ ಹೋಗಿ, ಹತ್ತು ನಿಮಿಷ ಓಡಲು ಬಿಟ್ಟು ನೋಡುತ್ತೇನೆ. ಮೊದಲ ಐದು ನಿಮಿಷ ನೋಡಿ ತೆಗೆದಿಡುವುದರಿಂದ ಏನೂ ಗೊತ್ತಾಗುವುದಿಲ್ಲ.

ನೀವು ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಲ್ಯಾಪ್‌ಟಾಪ್ ಆ ಡಿಸ್ಕನ್ನು ಇನ್ನೂ ಓದುತ್ತಿದೆ ಅಲ್ವಾ, ಇವತ್ತೇ ಪೂರ್ತಿ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಇನ್ನೊಂದು ಕಂಪನಿಯ ಡಿಸ್ಕ್ ತಂದು 8 ಎಕ್ಸಿನಲ್ಲಿ ರೈಟ್ ಮಾಡಿ, ಊರಿನ ಅದೇ ಪ್ಲೇಯರಿನಲ್ಲಿ ಕೊನೆಯ ಭಾಗ ಹಾಕಿ ನೋಡಿ. ಆಗಲೂ ಅದೇ ಜಾಗದಲ್ಲಿ ನಿಂತರೆ ಪ್ಲೇಯರಿನ ಲೆನ್ಸ್ ಕ್ಲೀನ್ ಮಾಡಿಸಿ.