ಪಕ್ಷಿ ಪ್ರಶ್ನೋತ್ತರ: ಗಡಿಯಾರ ಬಿಡಿ, ನೀರು ನೋಡಿ

ಈ ಸಲದ ಪ್ರಶ್ನೆಗಳೆಲ್ಲ ಚಳಿಗಾಲದ ಕರಾವಳಿ ಹಕ್ಕಿಗಳ ಬಗ್ಗೆ. ಕಾರವಾರದಿಂದ ಮಂಗಳೂರಿನವರೆಗಿನ ಅಳಿವೆ, ಗಜನಿ (ಅಳಿವೆಯಂಚಿನಲ್ಲಿ ಒಡ್ಡು ಕಟ್ಟಿದ ಉಪ್ಪುನೀರಿನ ಗದ್ದೆ), ಉಪ್ಪಿನ ಆಗರ, ಕೊಯ್ಲಾದ ಗದ್ದೆ ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇವೆ. ಹೆಸರುಗಳನ್ನು ಹಕ್ಕಿ ನೋಡುವವರು ಮಾತಿನಲ್ಲಿ ಬಳಸುವ ಹಾಗೆಯೇ ಬರೆದಿದ್ದೇವೆ.

ಅಘನಾಶಿನಿ ಅಳಿವೆಗೆ ಎರಡು ಸಲ ಬೆಳಿಗ್ಗೆ ಆರು ಗಂಟೆಗೇ ಹೋದೆವು. ಮೊದಲ ಸಲ ಕೆಸರಿನ ಬಯಲಿನ ಆಚೆ ತುದಿಯಲ್ಲಿ ಹಕ್ಕಿಗಳು ಎಳ್ಳು ಚೆಲ್ಲಿದ ಹಾಗೆ ಕಂಡವು. ಎರಡನೇ ಸಲ ಎಲ್ಲೆಲ್ಲೂ ನೀರು, ಹಕ್ಕಿಯೇ ಇಲ್ಲ. ಯಾವ ಹೊತ್ತಿಗೆ ಹೋಗಬೇಕು? (ಶಿರಸಿಯ ಓದುಗರು)

ನೀವು ಮೊದಲ ಸಲ ಹೋದದ್ದು ಅಮಾವಾಸ್ಯೆಯ ಅಥವಾ ಹುಣ್ಣಿಮೆಯ ಆಸುಪಾಸು, ಎರಡನೆಯದು ಅಷ್ಟಮಿಯ ಹತ್ತಿರ ಇರಬೇಕು. ಪಂಚಾಂಗ ತೆಗೆದು ನೋಡಿದರೆ ಬಹುಮಟ್ಟಿಗೆ ಹೊಂದುತ್ತದೆ.

ಕೆಸರಿನಲ್ಲಿ ಮೇಯುವ ಹಕ್ಕಿಗಳಿಗೆ ಹಗಲು ರಾತ್ರಿಗಿಂತ ಉಬ್ಬರ ಇಳಿತ ಮುಖ್ಯ. ನೀರು ಇಳಿದಾಗ ಹುಳ, ಸಣ್ಣ ಏಡಿ, ಚಿಪ್ಪಿ ಸಿಗುವ ಕೆಸರು ತೆರೆದುಕೊಳ್ಳುತ್ತದೆ. ಆಗ ರಾತ್ರಿಯಾದರೂ ಮೇಯುತ್ತವೆ. ನೀರು ಏರಿದಾಗ ಹಗಲಾದರೂ ಒಂದು ಕಡೆ ಗುಂಪುಗೂಡಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿ ನಿದ್ದೆ ಮಾಡುತ್ತವೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನಸುಕಿಗೆ ನೀರು ಇಳಿದಿದ್ದು, ಮಧ್ಯಾಹ್ನದ ಮೊದಲು ತುಂಬುತ್ತದೆ. ಅಷ್ಟಮಿಯ ಹೊತ್ತಿಗೆ ಇದು ಹೆಚ್ಚುಕಮ್ಮಿ ತಿರುವುಮುರುವು. ಆಗ ನೀರು ಜಾಸ್ತಿ ಏರುವುದೂ ಇಲ್ಲ, ಜಾಸ್ತಿ ಇಳಿಯುವುದೂ ಇಲ್ಲ. ಹಾಗಾಗಿ ಒಳ್ಳೆಯ ಕೆಸರು ನೀರಿನಡಿಯೇ ಉಳಿಯುತ್ತದೆ.

ಹೀಗೆ ಮಾಡಿ. ಅಮಾವಾಸ್ಯೆಯ ಅಥವಾ ಹುಣ್ಣಿಮೆಯ ದಿನದಿಂದ ಮುಂದಿನ ಮೂರು ದಿನಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಕಾರವಾರದ ಉಬ್ಬರದ ವೇಳೆಯನ್ನು ಯಾವುದಾದರೂ ಟೈಡ್ ಆ್ಯಪ್‌ನಲ್ಲಿ ನೋಡಿ. ಅದಕ್ಕಿಂತ ಮೂರು ಗಂಟೆ ಮೊದಲೇ ದಡದಲ್ಲಿ ಕುಳಿತಿರಿ. ಅಳಿವೆಯ ಬಾಯಿಂದ ಒಳಗೆ ಹೋದಷ್ಟೂ ಉಬ್ಬರ ತಡವಾಗುತ್ತದೆ ಎಂಬುದು ನೆನಪಿರಲಿ. ಇಲ್ಲಿ ಉಬ್ಬರ ಇಳಿತದ ಅಂತರ ಎರಡು ಮೀಟರಿಗಿಂತಲೂ ಕಡಿಮೆ. ಆದರೆ ಬಯಲು ಎಷ್ಟು ಸಪಾಟೆಂದರೆ ನೀರು ಒಂದು ಗೇಣು ಏರಿದರೆ ಅಂಚು ಹತ್ತಾರು ಮೀಟರ್ ಹತ್ತಿರ ಬಂದಿರುತ್ತದೆ. ಹಕ್ಕಿಗಳು ಆ ಅಂಚಿನ ಜೊತೆಗೇ ನಡೆದು ಬರುತ್ತವೆ. ನೀವು ಅವುಗಳ ಕಡೆಗೆ ಒಂದು ಹೆಜ್ಜೆಯನ್ನೂ ಇಡಬೇಕಿಲ್ಲ. ನೀರೇ ಅವನ್ನು ನಿಮ್ಮ ಮುಂದೆ ತಂದು ನಿಲ್ಲಿಸುತ್ತದೆ. ಕೊನೆಯ ಒಂದು ಗಂಟೆಯಲ್ಲಿ, ಉಳಿದ ಚಾಪೆಯಗಲದ ಕೆಸರಿನ ಮೇಲೆ ರೆಡ್‌ಶ್ಯಾಂಕ್, ಗ್ರೀನ್‌ಶ್ಯಾಂಕ್, ವಿಂಬ್ರೆಲ್, ಟೆರೆಕ್ ಸ್ಯಾಂಡ್‌ಪೈಪರ್, ಪ್ಲವರ್‌ಗಳು ಒಟ್ಟಿಗೆ ನಿಂತಾಗ ಕೊಕ್ಕಿನ ಉದ್ದ, ಕಾಲಿನ ಬಣ್ಣ, ಗಾತ್ರ ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಕೆಸರು ಪೂರ್ತಿ ಮುಳುಗಿದ ಮೇಲೆ ಹಕ್ಕಿಗಳು ಎಲ್ಲಿ ಹೋದವೆಂದು ಹುಡುಕುವವರು ಸಾಣೆಕಟ್ಟೆಯ ಉಪ್ಪಿನ ಆಗರದ ಬದುಗಳನ್ನೂ ಗಜನಿಯ ಒಡ್ಡುಗಳನ್ನೂ ನೋಡಬೇಕು. ಗಜನಿಯಲ್ಲಿ ಜಂತ್ರಡಿ (ಒಡ್ಡಿನ ತೂಬಿನ ಬಾಗಿಲು) ತೆಗೆದು ನೀರು ಬಿಟ್ಟಿದ್ದಾರೋ, ಕಟ್ಟಿದ್ದಾರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊಣಕಾಲುದ್ದ ನೀರಿದ್ದರೆ ಬೆಳ್ಳಕ್ಕಿ, ರೀವಗಳು (ಟರ್ನ್) ಮಾತ್ರ. ಎರಡು ಮೂರು ಇಂಚು ನೀರಿದ್ದರೆ ಲಿಟ್ಲ್ ಸ್ಟಿಂಟ್, ಪ್ಲವರ್‌ಗಳಿಗೆ ಹಬ್ಬ. ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿಗಳಲ್ಲಿ ಹಲವು ಸಿಗಡಿ ಕೆರೆಗಳಾಗಿ ವರ್ಷವಿಡೀ ಆಳದ ನೀರು ನಿಲ್ಲುತ್ತಿರುವುದು ಕಾಲು ಗಿಡ್ಡವಿರುವ ಹಕ್ಕಿಗಳಿಗೆ ದೊಡ್ಡ ನಷ್ಟ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲಾದರೂ ಒಡ್ಡಿನೊಳಗಿನ ಈ ನೀರಿನ ಆಳದ ಬಗ್ಗೆ ಯೋಚಿಸುವವರು ಹೆಚ್ಚಬೇಕು.

ಒಂದು ಎಚ್ಚರಿಕೆ: ಹಕ್ಕಿ ಹತ್ತಿರ ಕಾಣಲೆಂದು ಕೆಸರಿನ ಮೇಲೆ ನಡೆಯಬೇಡಿ. ಸೊಂಟದವರೆಗೆ ಹೂಳುವ ಜಾಗಗಳಿವೆ, ಚಿಪ್ಪಿನ ಅಂಚು ಕಾಲನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಅದಕ್ಕಿಂತ ಅಪಾಯವೆಂದರೆ ನೀರು ನಿಮ್ಮ ಬೆನ್ನ ಹಿಂದಿನ ಕಾಲುವೆಯಲ್ಲಿ ಮೊದಲು ತುಂಬುತ್ತದೆ.

ಮರಳ ಮೇಲೆ ಓಡಾಡುವ ಬೂದುಗಂದು ಬಣ್ಣದ ಸಣ್ಣ ಹಕ್ಕಿಗಳೆಲ್ಲ ಒಂದೇ ಥರ ಕಾಣುತ್ತವೆ. ಕೆಂಟಿಶ್ ಪ್ಲವರ್, ಸಣ್ಣ ಮತ್ತು ದೊಡ್ಡ ಸ್ಯಾಂಡ್ ಪ್ಲವರ್, ಸ್ಯಾಂಡರ್ಲಿಂಗ್ ಇವನ್ನು ಬೇರೆ ಮಾಡುವುದು ಹೇಗೆ? (ಕುಂದಾಪುರದ ಓದುಗರು)

ಮೊದಲು ನಡಿಗೆ ನೋಡಿ, ಬಣ್ಣ ಆಮೇಲೆ. ಪ್ಲವರ್‌ಗಳು ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕಣ್ಣಿಂದ ಹುಡುಕಿ, ಒಂದು ಸಲ ಕುಕ್ಕುತ್ತವೆ. ಸ್ಯಾಂಡರ್ಲಿಂಗ್ ನಿಲ್ಲುವುದೇ ಅಪರೂಪ. ಹಿಂದೆ ಸರಿಯುವ ತೆರೆಯ ಬೆನ್ನಟ್ಟಿ ಓಡುತ್ತದೆ, ತಡಬಡ ಕುಕ್ಕುತ್ತದೆ, ಮುಂದಿನ ತೆರೆ ಬರುವಷ್ಟರಲ್ಲಿ ವಾಪಸ್ ಓಡುತ್ತದೆ. ಕೀಲಿ ಕೊಟ್ಟ ಆಟಿಕೆಯ ಕಾಲಿನಂತೆ ಕಾಲು. ಬಣ್ಣ ಈ ಗುಂಪಿನಲ್ಲೇ ಅತ್ಯಂತ ಬಿಳಿಚು, ಕೊಕ್ಕು ಕಾಲು ಎರಡೂ ಕಪ್ಪು, ರೆಕ್ಕೆಯ ಮಡಿಕೆಯ ಬಳಿ ಹಲವು ಸಲ ಕಪ್ಪು ಮಚ್ಚೆ. ಒದ್ದೆ ಮರಳಿನ ಹೆಜ್ಜೆಗುರುತು ಇಲ್ಲಿ ನೆರವಾಗದು. ಈ ಪ್ಲವರ್‌ಗಳಂತೆ ಸ್ಯಾಂಡರ್ಲಿಂಗ್‌ಗೂ ಹಿಂಬೆರಳಿಲ್ಲ, ಮುಂದಿನ ಮೂರೇ ಬೆರಳು ಮೂಡುತ್ತವೆ.

ಇನ್ನು ಪ್ಲವರ್‌ಗಳು. ಹಕ್ಕಿ ಬೆನ್ನು ತಿರುಗಿಸುವವರೆಗೆ ಕಾಯಿರಿ. ಕತ್ತಿನ ಹಿಂದೆ ಬಿಳಿ ಪಟ್ಟಿ ಸುತ್ತಿ ಬಂದಿದ್ದರೆ ಕೆಂಟಿಶ್. ಎದೆಯ ಎರಡೂ ಬದಿಗೆ ಸಣ್ಣ ಮಚ್ಚೆ ಮಾತ್ರ ಇರುತ್ತದೆ, ನಡುವೆ ಕೂಡುವುದಿಲ್ಲ. ಕತ್ತಿನ ಹಿಂದೆ ಬಿಳಿ ಇಲ್ಲದೆ ಬೆನ್ನಿನ ಬೂದು ಬಣ್ಣವೇ ತಲೆಯವರೆಗೆ ಏರಿದ್ದರೆ ಎರಡು ಸ್ಯಾಂಡ್ ಪ್ಲವರ್‌ಗಳಲ್ಲಿ ಒಂದು.

ಕಷ್ಟ ಇರುವುದು ಆ ಎರಡರ ನಡುವೆ. ಗಾತ್ರವನ್ನು ನಂಬಬೇಡಿ. ಒಂಟಿ ಹಕ್ಕಿಯ ಗಾತ್ರ ಮರಳ ಮೇಲೆ ಯಾರಿಗೂ ತಿಳಿಯುವುದಿಲ್ಲ. ಕೊಕ್ಕನ್ನು ಅದರ ಮುಖದ ಅಳತೆಯಲ್ಲೇ ಅಳೆಯಿರಿ. ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯವರೆಗಿನ ದೂರವನ್ನು ಮನಸ್ಸಿನಲ್ಲೇ ಎತ್ತಿ ಮುಂದಕ್ಕೆ ಇಡಿ. ಕೊಕ್ಕು ಆ ದೂರಕ್ಕಿಂತ ಉದ್ದವಾಗಿ, ತುದಿ ಚೂಪಾಗಿದ್ದರೆ ದೊಡ್ಡ ಸ್ಯಾಂಡ್ ಪ್ಲವರ್. ಅಷ್ಟೇ ಅಥವಾ ಕಡಿಮೆ ಇದ್ದು ತುದಿ ಮೊಂಡಾಗಿದ್ದರೆ ಸಣ್ಣದು. ದೊಡ್ಡದರ ಕಾಲು ಉದ್ದ, ಹಸಿರು ಅಥವಾ ಹಳದಿ ಬೆರೆತ ಬೂದು. ಸಣ್ಣದರದು ಸಾಮಾನ್ಯವಾಗಿ ಕಪ್ಪಿಗೆ ಹತ್ತಿರ. ಆದರೆ ಒಣಗಿದ ಕೆಸರು ಅಂಟಿದ ಕಾಲು ಎಲ್ಲರದೂ ಒಂದೇ ಬಣ್ಣ! ಹೆಚ್ಚಿನ ತಪ್ಪುಗಳು ಇಲ್ಲೇ ಆಗುವುದು. ಹಾರುವಾಗ ದೊಡ್ಡದರ ಬೆರಳು ಬಾಲದಾಚೆ ಚಾಚುತ್ತದೆ, ಹಾಗಾಗಿ ಹಾರಿದ ಹೊತ್ತಿನ ಫೋಟೊ ಒಂದಿದ್ದರೆ ಉಪಯೋಗಕ್ಕೆ ಬರುತ್ತದೆ. ಅದಕ್ಕಾಗಿ ಹಾರಿಸಬೇಡಿ ಅಷ್ಟೇ.

ಸಣ್ಣ ಸ್ಯಾಂಡ್ ಪ್ಲವರ್ ಎಂದು ನಾವು ಕರೆಯುತ್ತಿದ್ದ ಹಕ್ಕಿಯನ್ನು ಈಗ ಎರಡು ಪ್ರಭೇದಗಳಾಗಿ ಬೇರ್ಪಡಿಸಿದ್ದಾರೆ. ನಮ್ಮ ಕರಾವಳಿಯದು ಟಿಬೆಟನ್ ಸ್ಯಾಂಡ್ ಪ್ಲವರ್, ಹಿಮಾಲಯದಾಚೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡುವಂಥದ್ದು. ಹಳೆಯ ಪುಸ್ತಕ ಹಿಡಿದವರಿಗೆ ಪಟ್ಟಿಯಲ್ಲಿ ಹೆಸರು ಸಿಗದಿರಲು ಕಾರಣ ಇದೇ. ಮಾರ್ಚ್ ಕೊನೆಗೆ ಇನ್ನೊಮ್ಮೆ ಅದೇ ಮರಳಿಗೆ ಹೋಗಿ. ಆ ಬೂದು ಎದೆಗಳ ಮೇಲೆ ಇಟ್ಟಿಗೆಗೆಂಪು ಮೂಡಿರುತ್ತದೆ.

ಮಲ್ಪೆಯಲ್ಲಿ ಕಂಡ ಗಲ್‌ಗಳನ್ನು (ಕಡಲಕ್ಕಿ) ಬ್ರೌನ್-ಹೆಡೆಡ್ ಗಲ್ ಎಂದರು. ಆದರೆ ಯಾವುದಕ್ಕೂ ಕಂದು ತಲೆ ಇರಲಿಲ್ಲ. (ಉಡುಪಿಯ ಓದುಗರು)

ಕಂದು ತಲೆ ಮರಿ ಮಾಡುವ ಕಾಲದ ಉಡುಪು. ನವೆಂಬರಿನಿಂದ ಫೆಬ್ರವರಿವರೆಗೆ ತಲೆ ಬಿಳಿ, ಕಣ್ಣಿನ ಹಿಂದೆ ಮಸಿ ಬೆರಳು ಒತ್ತಿದಂತೆ ಒಂದು ಗುರುತು. ಜೊತೆಗೆ ಬರುವ ಬ್ಲ್ಯಾಕ್-ಹೆಡೆಡ್ ಗಲ್ಲಿನದೂ ಹಾಗೆಯೇ. ಕುಳಿತಾಗ ಕಣ್ಣು ನೋಡಿ: ಬ್ರೌನ್-ಹೆಡೆಡ್ ವಯಸ್ಕ ಹಕ್ಕಿಯ ಕಣ್ಣುಪಾಪೆಯ ಸುತ್ತ ತಿಳಿಬಣ್ಣ, ಇನ್ನೊಂದರದು ಗಾಢ. ಹಾರುವಾಗ ರೆಕ್ಕೆಯ ತುದಿ ನೋಡಿ: ಬ್ರೌನ್-ಹೆಡೆಡ್‌ಗೆ ಕಪ್ಪು ತುದಿಯೊಳಗೆ ಬಿಳಿ ಕಿಟಕಿ, ಬ್ಲ್ಯಾಕ್-ಹೆಡೆಡ್‌ಗೆ ರೆಕ್ಕೆಯ ಮುಂದಂಚಿನುದ್ದಕ್ಕೂ ಬಿಳಿ ಪಟ್ಟೆ. ದೊಡ್ಡ ಗಲ್‌ಗಳ ಮರಿಗಳಿಗೆ ವಯಸ್ಕ ಗರಿ ಬರಲು ನಾಲ್ಕು ವರ್ಷ ಬೇಕು. ಮಾಸಲು ಕಂದು ಹಕ್ಕಿಗೆ ಹೆಸರು ಕೊಡದೆ "ದೊಡ್ಡ ಗಲ್" ಎಂದು ಬರೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಬಂದರಿನ ಕಲ್ಲಿನ ಮೇಲೆ ಕಪ್ಪು ಬೂದು ಬಣ್ಣದ ಬೆಳ್ಳಕ್ಕಿ ನೋಡಿದೆ. ಪಾದ ಹಳದಿ, ಗಂಟಲು ಬಿಳಿ. (ಹೊನ್ನಾವರದ ಓದುಗರು)

ವೆಸ್ಟರ್ನ್ ರೀಫ್ ಹೆರಾನ್. ಕರಾವಳಿ ಬಿಟ್ಟು ಒಳನಾಡಿನಲ್ಲಿ ಕಾಣುವುದು ಅಪರೂಪ. ಇದರಲ್ಲೇ ಪೂರ್ತಿ ಬಿಳಿಯವೂ ಇವೆ. ಅವನ್ನು ಸಣ್ಣ ಬೆಳ್ಳಕ್ಕಿಯಿಂದ ಬೇರೆ ಮಾಡಲು ಕೊಕ್ಕು ನೋಡಿ: ರೀಫ್ ಹೆರಾನ್‌ನದು ದಪ್ಪ, ಸ್ವಲ್ಪ ಕೆಳಬಾಗಿದ್ದು, ಹಳದಿ ಮಿಶ್ರಿತ ಕಂದು. ಬೆಳ್ಳಕ್ಕಿಯದು ತೆಳ್ಳಗೆ, ಕಪ್ಪಗೆ.

ಕರಾವಳಿಗೆ ಯಾವ ಬೈನಾಕ್ಯುಲರ್ ಒಳ್ಳೆಯದು? ಸ್ಪಾಟಿಂಗ್ ಸ್ಕೋಪ್ (ಮುಕ್ಕಾಲಿಯ ಮೇಲಿಡುವ ದೂರದರ್ಶಕ) ಬೇಕೇ ಬೇಕೇ? (ಬೆಂಗಳೂರಿನ ಓದುಗರು)

8x42 (ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿ.ಮೀ. ಇರುವಂಥದ್ದು) ಸಾಕು. 10x42 ಗಾಳಿಯಲ್ಲಿ ಹೆಚ್ಚು ನಡುಗುತ್ತದೆ, ಕಡಲ ದಡದಲ್ಲಿ ಗಾಳಿ ತಪ್ಪದು. ಸ್ಕೋಪ್ ಇದ್ದರೆ ಖಂಡಿತ ಸುಖ, ಆದರೆ ಅಂಗಡಿಯಲ್ಲಿ ಹೇಳುವ 60 ಪಟ್ಟು ನಮ್ಮಲ್ಲಿ ಕೆಲಸಕ್ಕೆ ಬಾರದು. ಒಂಬತ್ತು ಗಂಟೆಯ ನಂತರ ಕೆಸರಿನ ಮೇಲಿನ ಗಾಳಿ ಬಿಸಿಯಾಗಿ ಕುದಿಯತೊಡಗುತ್ತದೆ, ಹಿಗ್ಗಿಸಿದಷ್ಟೂ ಹಕ್ಕಿ ನೀರಿನೊಳಗಿನ ನಾಣ್ಯದಂತೆ ಅಲುಗುತ್ತದೆ. 25ರಿಂದ 30 ಪಟ್ಟಿನಲ್ಲೇ ನಿಲ್ಲಿಸಿ. ಮುಕ್ಕಾಲಿಯ ಕಾಲುಗಳನ್ನು ಪೂರ್ತಿ ಎಳೆಯದೆ, ನೆಲದ ಮೇಲೆ ಕುಳಿತು ನೋಡಿದರೆ ನಡುಕವೂ ಕಡಿಮೆ, ಹಕ್ಕಿಗೆ ಹೆದರಿಕೆಯೂ ಕಡಿಮೆ.

ಬಿಸಿಲಿನ ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ಕಡಲು ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ಬೆನ್ನಿಗಿದ್ದು ಮರಳ ದಂಡೆಯ ಹಕ್ಕಿಗಳ ಒಂದೊಂದು ಗರಿಯೂ ಕಾಣುತ್ತದೆ. ಸಂಜೆ ಅದೇ ದಂಡೆಯಲ್ಲಿ ಎಲ್ಲವೂ ಕರಿ ನೆರಳು. ಸಂಜೆಗೆ ಒಳಗಿನ ಗದ್ದೆ, ಗಜನಿಗಳಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಕೊಯ್ಲಾಗಿ ಇನ್ನೂ ತೇವ ಉಳಿದ ಗದ್ದೆಯಲ್ಲಿ ಗೋಲ್ಡನ್ ಪ್ಲವರ್, ವುಡ್ ಸ್ಯಾಂಡ್‌ಪೈಪರ್, ಸ್ನೈಪ್ ಇರುತ್ತವೆ, ಮೇಲೆ ತಗ್ಗಿನಲ್ಲಿ ತೇಲುವ ಜೌಗು ಸೆಳೆವ (ಮಾರ್ಷ್ ಹ್ಯಾರಿಯರ್).

ಮನೆಗೆ ಬಂದೊಡನೆ ಮಸೂರವನ್ನು ಬಟ್ಟೆಯಿಂದ ಉಜ್ಜಬೇಡಿ. ಒಣಗಿದ ಉಪ್ಪಿನ ಹರಳು ಮತ್ತು ಮರಳಿನ ಕಣ ಲೇಪನವನ್ನು ಗೀರಿಬಿಡುತ್ತವೆ. ಮೊದಲು ಬ್ಲೋವರಿನಿಂದ ಊದಿ, ವಾಟರ್‌ಪ್ರೂಫ್ ಆಗಿದ್ದರೆ ಸಿಹಿನೀರು ಸುರಿದು ತೊಳೆದು, ಕೊನೆಗೆ ಒರೆಸಿ. ವಾಟರ್‌ಪ್ರೂಫ್ ಅಲ್ಲದಿದ್ದರೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯನ್ನು ಮಸೂರಕ್ಕೆ ಒತ್ತಿ ಎತ್ತಿ ಉಪ್ಪು ಕರಗಿಸಿ. ಚರ್ಮದ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಎಷ್ಟು ಮೆಲ್ಲನೆ ಹೋದರೂ ಫೋಟೊ ತೆಗೆಯುವ ಮೊದಲೇ ಗುಂಪು ಹಾರಿಹೋಗುತ್ತದೆ. (ಭಟ್ಕಳದ ಓದುಗರು)

ನೇರವಾಗಿ ಹೋಗುತ್ತಿದ್ದೀರಿ, ಅದಕ್ಕೆ. ಹಾರುವ ಮೊದಲು ಹಕ್ಕಿ ಸೂಚನೆ ಕೊಡುತ್ತದೆ: ಮೇಯುವುದು ನಿಲ್ಲುತ್ತದೆ, ತಲೆ ಎತ್ತುತ್ತದೆ, ಎಲ್ಲವೂ ಒಂದೇ ದಿಕ್ಕಿಗೆ ನಡೆಯತೊಡಗುತ್ತವೆ. ಇದರಲ್ಲಿ ಮೊದಲನೆಯದು ಕಂಡಾಗಲೇ ನಿಂತು, ಕುಳಿತುಬಿಡಿ. ಅವು ಮತ್ತೆ ಮೇಯತೊಡಗುವವರೆಗೆ ಅಲುಗಬೇಡಿ. ಚಿಪ್ಪಿ ಹೆಕ್ಕುವ ಹೆಂಗಸರು ಬಗ್ಗಿಕೊಂಡು ಅಡ್ಡಡ್ಡ ಸರಿಯುತ್ತಾರೆ, ಅವರ ಹತ್ತಿರವೇ ರೆಡ್‌ಶ್ಯಾಂಕ್‌ಗಳು ಮೇಯುತ್ತಿರುತ್ತವೆ. ನೆಟ್ಟಗೆ ನಿಂತು ಕಣ್ಣಿಟ್ಟು ಎದುರಿಗೇ ಬರುವ ಮನುಷ್ಯನಿಗೆ ಅವು ಹೆದರುತ್ತವೆ.

ಉಬ್ಬರದ ಹೊತ್ತಿಗೆ ಗುಂಪುಗೂಡಿ ಮಲಗಿದ ಹಕ್ಕಿಗಳ ಬಳಿ ಮಾತ್ರ ಯಾವ ಉಪಾಯವೂ ಬೇಡ, ಹೋಗಲೇಬೇಡಿ. ಆಗ ಅವಕ್ಕೆ ಇಳಿಯಲು ಬೇರೆ ಒಣ ಜಾಗ ಇರುವುದಿಲ್ಲ. ಹಾರಿದ ಪ್ರತಿ ಸುತ್ತೂ ಮೈಯ ಕೊಬ್ಬನ್ನು ಕರಗಿಸುತ್ತದೆ, ಮಾರ್ಚ್, ಏಪ್ರಿಲ್‌ನಲ್ಲಿ ಹಿಮಾಲಯ ದಾಟಲು ಬೇಕಾದದ್ದು ಅದೇ ಕೊಬ್ಬು. ನಾಯಿ ಬಿಡುವುದು, ಡ್ರೋನ್ ಹಾರಿಸುವುದು, ಗುಂಪು ಏಳುವ ದೃಶ್ಯಕ್ಕಾಗಿ ಚಪ್ಪಾಳೆ ತಟ್ಟುವುದು ಇವನ್ನು ಕಂಡರೆ ದಯವಿಟ್ಟು ತಡೆಯಿರಿ. ಇನ್ನೊಂದು ಮಾತು: ಕಾರವಾರದ ಸುತ್ತ ನೌಕಾನೆಲೆಯ ಪ್ರದೇಶದಲ್ಲಿ ಉದ್ದ ಲೆನ್ಸ್ ಹೊರತೆಗೆಯಲೇಬೇಡಿ.

ಜನವರಿಯ ನೀರುಹಕ್ಕಿ ಗಣತಿಗೆ ಹೋಗಬೇಕೆಂದಿದ್ದೇವೆ. ಸಾವಿರ ಹಕ್ಕಿ ಒಟ್ಟಿಗಿದ್ದರೆ ಎಣಿಸುವುದು ಹೇಗೆ? (ಅಂಕೋಲಾದ ಕಾಲೇಜು ವಿದ್ಯಾರ್ಥಿಗಳು)

1987ರಿಂದ ನಡೆಯುತ್ತಿರುವ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್‌ಗೆ ನಿಮ್ಮಂಥವರೇ ಆಧಾರ. ಗುಂಪಿನ ಒಂದು ತುದಿಯಲ್ಲಿ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಅಗಲ ಎಂದು ಕಣ್ಣಿನಲ್ಲಿ ಹಿಡಿದುಕೊಳ್ಳಿ. ಅದೇ ಅಳತೆಯಲ್ಲಿ ಗುಂಪನ್ನು ಅಳೆಯುತ್ತಾ ಹೋಗಿ. ದೊಡ್ಡ ಗುಂಪಿಗೆ ಹತ್ತರ ಬದಲು ಐವತ್ತು. ಅಂಚು ಚದುರಿದ್ದು ನಡುವೆ ಒತ್ತಾಗಿರುತ್ತದೆ, ಅಂಚಿನ ಅಳತೆಯನ್ನೇ ನಡುವಿಗೂ ಹಾಕಿದರೆ ಲೆಕ್ಕ ಕಡಿಮೆ ಬರುತ್ತದೆ. ಇಬ್ಬರು ಒಬ್ಬರಿಗೊಬ್ಬರು ಹೇಳದೆ ಎಣಿಸಿ, ಆಮೇಲೆ ಹೋಲಿಸಿ. ಮೊದಲು ಒಟ್ಟು ಸಂಖ್ಯೆ, ಆಮೇಲೆ ಯಾವುದೆಷ್ಟು. ಹೆಸರು ಹುಡುಕುತ್ತಾ ಕುಳಿತರೆ ಗುಂಪು ಎದ್ದುಹೋಗಿರುತ್ತದೆ.

ಕಾಲಿಗೆ ಬಣ್ಣದ ಪಟ್ಟಿ ಹಾಕಿದ ಹಕ್ಕಿ ಕಂಡರೆ ಏನು ಮಾಡಬೇಕು? (ಮಂಗಳೂರಿನ ಓದುಗರು)

ಫೋಟೊ ತೆಗೆಯಿರಿ, ಮಸುಕಾದರೂ ಸರಿ. ಪಟ್ಟಿಯ ಅಥವಾ ಧ್ವಜದ ಬಣ್ಣ, ಅದು ಹಕ್ಕಿಯ ಎಡಗಾಲಿನಲ್ಲೋ ಬಲಗಾಲಿನಲ್ಲೋ (ನಿಮ್ಮ ಎಡಬಲ ಅಲ್ಲ, ಹಕ್ಕಿಯದು), ಗಂಟಿನ ಮೇಲೋ ಕೆಳಗೋ, ಒಂದಕ್ಕಿಂತ ಹೆಚ್ಚಿದ್ದರೆ ಮೇಲಿಂದ ಕೆಳಕ್ಕೆ ಯಾವ ಕ್ರಮ, ಲೋಹದ ಬಳೆ ಯಾವ ಕಾಲಿನಲ್ಲಿ ಎಂದು ಅಲ್ಲೇ ಬರೆದುಕೊಳ್ಳಿ. ಧ್ವಜದ ಬಣ್ಣಗಳ ಜೋಡಿಯೇ ಅದನ್ನು ಯಾವ ದೇಶದಲ್ಲಿ ಕಟ್ಟಿದರೆಂದು ಹೇಳುತ್ತದೆ. ದಿನಾಂಕ, ಜಾಗದೊಂದಿಗೆ ಮುಂಬೈಯ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ಕಳಿಸಿ. ಹಕ್ಕಿ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಬಳೆಯ ಸಂಖ್ಯೆ ಕಾಣುವ ಹಾಗೆ ಫೋಟೊ ತೆಗೆಯಿರಿ. ಒಂದೇ ಜಾಗದಲ್ಲಿ ಹಲವು ಸತ್ತಿದ್ದರೆ ಪಶುಪಾಲನಾ ಇಲಾಖೆಗೆ ತಿಳಿಸಿ. ಧ್ವಜದ ಮೇಲಿನ ಅಕ್ಷರ ಪೂರ್ತಿ ಓದಲಾಗದಿದ್ದರೆ ಓದಿದಷ್ಟೇ ಬರೆಯಿರಿ, ಉಳಿದದ್ದನ್ನು ಊಹಿಸಿ ತುಂಬಬೇಡಿ.